ಕುಣಿಯುವ ಚಕ್ರ ಹಾಡುವುದಿಲ್ಲ: ಹರ್ಡಿ-ಗರ್ಡಿ ವಾದ್ಯಕ್ಕೆ ಪೀಣ್ಯದಲ್ಲಿ ಶಾಫ್ಟ್ ಕೂರಿಸಿದಾಗ ಕಲಿತದ್ದು

ಪಿಟೀಲು ನುಡಿಸಲು ಕಮಾನು ಬೇಕು. ಕಮಾನು ಹಿಡಿಯಲು ಬಲಗೈಯ ಬೆರಳುಗಳು ಬೇಕು. ಆ ಬೆರಳುಗಳೇ ಇಲ್ಲದಿದ್ದರೆ?

ನಮ್ಮ ಗೆಳತಿಯೊಬ್ಬರಿಗೆ ಈ ಪ್ರಶ್ನೆ ಎದುರಾಗಿದ್ದು ಮೂರು ವರ್ಷಗಳ ಹಿಂದೆ. ಡಿಪ್ಲೊಮಾ ಮುಗಿಸಿ ಪೀಣ್ಯದ ಒಂದು ಸಣ್ಣ ಘಟಕದಲ್ಲಿ ಕೆಲಸ ಮಾಡುತ್ತಿದ್ದಾಗ ಅವರ ಕೈ ಡ್ರಿಲ್ಲಿಂಗ್ ಮೆಷಿನ್‌ಗೆ ಸಿಕ್ಕಿತು. ತೋರುಬೆರಳು ಮತ್ತು ನಡುಬೆರಳಿನ ತುದಿಗಳು ಹೋದವು. ಎಂಟು ವರ್ಷ ಕಲಿತ ಪಿಟೀಲು ಪೆಟ್ಟಿಗೆ ಸೇರಿ ಅಟ್ಟ ಹತ್ತಿತು. ಎಡಗೈಗೆ ಏನೂ ಆಗಿರಲಿಲ್ಲ. ಬಲಗೈಯಲ್ಲಿ ಒಂದು ಹಿಡಿಯನ್ನು ಗಟ್ಟಿಯಾಗಿ ಹಿಡಿದು ತಿರುಗಿಸುವುದೂ ಸಾಧ್ಯವಿತ್ತು. ಹಾಗಾದರೆ ಹಿಡಿ ತಿರುಗಿಸಿ ನುಡಿಸುವ ತಂತಿವಾದ್ಯವಿದೆಯೇ ಎಂದು ಹುಡುಕಿದಾಗ ಸಿಕ್ಕಿದ್ದು ಹರ್ಡಿ-ಗರ್ಡಿ.

ಯೂರೋಪಿನಿಂದ ತರಿಸುವಷ್ಟು ಹಣ ನಮ್ಮ ಬಳಿ ಇರಲಿಲ್ಲ. ಮಾಡಿಯೇ ಬಿಡೋಣ ಎಂದು ನಾವು ಮೂವರು ಹೊರಟೆವು. ಪೆಟ್ಟಿಗೆ, ಕೀಲಿಗಳು, ತಂತಿಗಳು ಹೇಗೋ ಆದವು. ನಮ್ಮನ್ನು ತಿಂಗಳುಗಟ್ಟಲೆ ಕಾಡಿದ್ದು ಒಂದೇ ಒಂದು ಭಾಗ: ಚಕ್ರದ ನಡುವಿನ ಶಾಫ್ಟ್. ಆ ನೆಪದಲ್ಲಿ ಕಲಿತ ವಿಜ್ಞಾನ, ಕಳಚಿಬಿದ್ದ ಕೆಲವು ತಪ್ಪು ನಂಬಿಕೆಗಳು ಈ ಬರಹದಲ್ಲಿವೆ.

ಹರ್ಡಿ-ಗರ್ಡಿ ಎಂದರೇನು?

ಸರಳವಾಗಿ ಹೇಳುವುದಾದರೆ, ಕಮಾನಿನ ಬದಲು ಚಕ್ರವಿರುವ ಪಿಟೀಲು. ಮರದ ಪೆಟ್ಟಿಗೆಯ ನಡುವೆ ಸುಮಾರು 15ರಿಂದ 17 ಸೆಂ.ಮೀ. ವ್ಯಾಸದ ಚಕ್ರವಿರುತ್ತದೆ. ಅದರ ಶಾಫ್ಟ್ ಪೆಟ್ಟಿಗೆಯ ಬಾಲದ ಕಡೆಯಿಂದ ಹೊರಬಂದು ಒಂದು ಹಿಡಿಗೆ ಸೇರುತ್ತದೆ. ಚಕ್ರದ ಅಂಚಿಗೆ ರೋಸಿನ್ (ಪಿಟೀಲಿನ ಕಮಾನಿಗೆ ಹಚ್ಚುವ ಅದೇ ರಾಳ) ಬಳಿದಿರುತ್ತಾರೆ. ಬಲಗೈ ಹಿಡಿ ತಿರುಗಿಸಿದಾಗ ಚಕ್ರದ ಅಂಚು ಎಲ್ಲ ತಂತಿಗಳನ್ನೂ ಒಟ್ಟಿಗೆ ಉಜ್ಜುತ್ತದೆ. ಎಡಗೈ ಹಾರ್ಮೋನಿಯಂನಂತೆ ಕೀಲಿಗಳನ್ನು ಒತ್ತುತ್ತದೆ. ಪ್ರತಿ ಕೀಲಿಗೂ ಒಂದು ಮರದ ಹಲ್ಲು ಇರುತ್ತದೆ, ಅದು ಹೋಗಿ ತಂತಿಯನ್ನು ತಾಗಿ ಸ್ವರ ಬದಲಿಸುತ್ತದೆ.

ರಾಗ ನುಡಿಸುವ ತಂತಿಗಳ ಜೊತೆಗೆ ಒಂದೇ ಸ್ವರ ಹಿಡಿದು ನಿಲ್ಲುವ ತಂತಿಗಳೂ ಇರುತ್ತವೆ. ನಮ್ಮ ತಂಬೂರಿ ಮಾಡುವ ಕೆಲಸವನ್ನು ಅವು ಮಾಡುತ್ತವೆ. ಇನ್ನೊಂದು ಹೋಲಿಕೆಯೂ ಇದೆ. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಜೀವಾಳದ ದಾರ ಸರಿಸಿ ಝೇಂಕಾರ ಹುಟ್ಟಿಸುವಂತೆ, ಹರ್ಡಿ-ಗರ್ಡಿಯಲ್ಲಿ ಒಂದು ತಂತಿಯ ಕೆಳಗೆ ಸಡಿಲವಾದ ಪುಟ್ಟ ಕುದುರೆ ಇರುತ್ತದೆ. ಫ್ರೆಂಚರು ಅದನ್ನು ‘ನಾಯಿ’ ಎನ್ನುತ್ತಾರೆ. ಹಿಡಿಯನ್ನು ಮಣಿಕಟ್ಟಿನಿಂದ ಫಕ್ಕನೆ ಜಗ್ಗಿದರೆ ಅದು ಪೆಟ್ಟಿಗೆಗೆ ಬಡಿದು ‘ಝರ್’ ಎನ್ನುತ್ತದೆ. ತಾಳ ಬರುವುದು ಆ ಸದ್ದಿನಿಂದ.

ವಾದ್ಯ ಹಳೆಯದು. ಸ್ಪೇನಿನ ಸಾಂತಿಯಾಗೊ ದೆ ಕಾಂಪೊಸ್ತೆಲಾ ದೇವಾಲಯದಲ್ಲಿ, ಶಿಲ್ಪಿ ಮಾತೆಯೊ 1188ರಲ್ಲಿ ತೊಲೆಗಲ್ಲು ಇಟ್ಟ ‘ವೈಭವದ ದ್ವಾರ’ದ ಮೇಲೆ ಇಬ್ಬರು ವೃದ್ಧರು ಇಂಥದ್ದೊಂದು ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ. ಆಗ ಒಬ್ಬರು ಹಿಡಿ ತಿರುಗಿಸಿದರೆ ಇನ್ನೊಬ್ಬರು ಸ್ವರ ಬದಲಿಸಬೇಕಿತ್ತು. ಮುಂದೆ ವಾದ್ಯ ಚಿಕ್ಕದಾಗಿ ಒಬ್ಬರ ಕೈಗೆ ಬಂತು. 18ನೇ ಶತಮಾನದಲ್ಲಿ ಫ್ರಾನ್ಸಿನ ಶ್ರೀಮಂತರ ಮನೆ ಸೇರಿತು, ಉಕ್ರೇನ್ ಮತ್ತು ಹಂಗೇರಿಯ ಹಳ್ಳಿಗಳಲ್ಲಿಯೂ ಉಳಿಯಿತು. ‘ಬ್ಲ್ಯಾಕ್ ಸೇಲ್ಸ್’ ಎಂಬ ಕಡಲ್ಗಳ್ಳರ ಧಾರಾವಾಹಿ ನೋಡಿದ್ದರೆ ಅದರ ಶೀರ್ಷಿಕೆ ಸಂಗೀತದಲ್ಲಿ ನೀವು ಇದನ್ನು ಕೇಳಿದ್ದೀರಿ.

ತಪ್ಪು ತಿಳಿವಳಿಕೆ 1: ‘ಇದು ಬೀದಿಯಲ್ಲಿ ಕೋತಿ ಜೊತೆ ತಿರುಗಿಸುವ ಪೆಟ್ಟಿಗೆ’

ಹೆಸರು ಹೇಳಿದ ಕೂಡಲೇ ಬಹಳ ಜನರಿಗೆ ನೆನಪಾಗುವುದು ಹಳೆಯ ವಿದೇಶಿ ಸಿನಿಮಾಗಳ ಬೀದಿ ಪೆಟ್ಟಿಗೆ. ಅದು ಬ್ಯಾರಲ್ ಆರ್ಗನ್. ಅದರೊಳಗೆ ಮೊಳೆ ಹೊಡೆದ ಉರುಳೆ ಇರುತ್ತದೆ. ಹಿಡಿ ತಿರುಗಿಸಿದರೆ ಉರುಳೆ ಸುತ್ತುತ್ತದೆ, ತಿದಿ ಗಾಳಿ ಊದುತ್ತದೆ, ಮೊದಲೇ ಮೊಳೆಗಳಲ್ಲಿ ಬರೆದಿಟ್ಟ ಹಾಡು ಕೊಳವೆಗಳಿಂದ ಬರುತ್ತದೆ. ತಿರುಗಿಸುವವರಿಗೆ ಸಂಗೀತ ಗೊತ್ತಿರಬೇಕಿಲ್ಲ. ಇಂಗ್ಲಿಷಿನವರೇ ಎರಡಕ್ಕೂ ಒಂದೇ ಹೆಸರು ಬಳಸಿ ಗೊಂದಲ ಹುಟ್ಟಿಸಿದ್ದಾರೆ.

ಹರ್ಡಿ-ಗರ್ಡಿಯಲ್ಲಿ ಮೊದಲೇ ಬರೆದಿಟ್ಟ ಹಾಡಿಲ್ಲ, ಪ್ರತಿ ಸ್ವರವನ್ನೂ ನುಡಿಸುವವರೇ ಹುಟ್ಟಿಸಬೇಕು. ಅದಕ್ಕೇ ಚಕ್ರ ಹೇಗೆ ತಿರುಗುತ್ತದೆ ಎನ್ನುವುದು ಇಷ್ಟು ಮುಖ್ಯ.

ಉಜ್ಜಿದರೆ ಸ್ವರ ಏಕೆ ಬರುತ್ತದೆ?

ಒದ್ದೆ ಬೆರಳಿನಿಂದ ಗಾಜಿನ ಲೋಟದ ಅಂಚನ್ನು ಉಜ್ಜಿ ನೋಡಿ. ಬೆರಳು ಒಂದು ಕ್ಷಣ ಅಂಟಿಕೊಳ್ಳುತ್ತದೆ, ಮರುಕ್ಷಣ ಜಾರುತ್ತದೆ. ತಂತಿಯಲ್ಲೂ ಇದೇ ಆಗುತ್ತದೆ. ರೋಸಿನ್ ಬಳಿದ ಚಕ್ರ ತಂತಿಯನ್ನು ಹಿಡಿದು ಸ್ವಲ್ಪ ದೂರ ಎಳೆದೊಯ್ಯುತ್ತದೆ, ಎಳೆತ ಮಿತಿ ಮೀರಿದಾಗ ತಂತಿ ಫಟ್ಟನೆ ಹಿಂದಕ್ಕೆ ಜಾರುತ್ತದೆ, ಮತ್ತೆ ಅಂಟುತ್ತದೆ. ತಂತಿಯ ಶ್ರುತಿ ಸೆಕೆಂಡಿಗೆ 200 ಕಂಪನ ಎಂದಿದ್ದರೆ ಈ ಅಂಟು-ಜಾರು ಸೆಕೆಂಡಿಗೆ 200 ಬಾರಿ ನಡೆಯುತ್ತದೆ. ಜಾರುವಾಗ ಹುಟ್ಟುವ ಬಿಸಿಗೆ ರೋಸಿನ್ ಮೆದುವಾಗುವುದೂ ಈ ಆಟದ ಭಾಗ. ಚನ್ನಪಟ್ಟಣದ ಕುಶಲಕರ್ಮಿಗಳು ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಅದು ಕರಗಿ ಬಣ್ಣವಾಗಿ ಹರಡುವುದನ್ನು ನೋಡಿದ್ದರೆ, ತಿಕ್ಕಾಟದ ಬಿಸಿ ಏನು ಮಾಡಬಲ್ಲದು ಎಂದು ನಿಮಗೆ ಗೊತ್ತೇ ಇದೆ.

ಉಜ್ಜಿದ ತಂತಿಯ ಚಲನೆಯನ್ನು ಮೊದಲು ಸರಿಯಾಗಿ ವಿವರಿಸಿದವರು ಜರ್ಮನಿಯ ಹೆಲ್ಮ್‌ಹೋಲ್ಟ್ಸ್, 1863ರ ತಮ್ಮ ಪುಸ್ತಕದಲ್ಲಿ. ಅದನ್ನು ಗಣಿತದ ಮೂಲಕ ಮುಂದಕ್ಕೆ ಒಯ್ದವರು ನಮ್ಮ ಸಿ.ವಿ. ರಾಮನ್. ಬೆಂಗಳೂರಿಗೆ ಬರುವ ಮೊದಲು, ಕೋಲ್ಕತ್ತದಲ್ಲಿ ಬಿಡುವಿನ ವೇಳೆಯಲ್ಲಿ ಸಂಶೋಧನೆ ನಡೆಸುತ್ತಿದ್ದ ದಿನಗಳಲ್ಲಿ ಅವರು ಪಿಟೀಲಿನ ಹಿಂದೆ ಬಿದ್ದಿದ್ದರು. 1918ರಲ್ಲಿ ಉಜ್ಜಿದ ತಂತಿಗಳ ಬಗ್ಗೆ ದೊಡ್ಡ ಪ್ರಬಂಧ ಪ್ರಕಟಿಸಿದರು. ಆಮೇಲೆ ಯಂತ್ರವೊಂದರಿಂದ ಪಿಟೀಲು ನುಡಿಸುವ ಪ್ರಯೋಗ ಮಾಡಿದರು. ಅದರಲ್ಲಿ ಕಮಾನು ನಿಂತಲ್ಲೇ ಇರುತ್ತಿತ್ತು, ಪಿಟೀಲೇ ಅತ್ತಿತ್ತ ಸರಿಯುತ್ತಿತ್ತು. ಮನುಷ್ಯನ ಕೈಯ ಏರುಪೇರು ತೆಗೆದು, ಒಂದು ಸ್ವರ ನಿಲ್ಲಲು ಕಮಾನು ಎಷ್ಟು ಒತ್ತಬೇಕು ಎಂದು ಅಳೆಯುವುದು ಅವರ ಉದ್ದೇಶ. ಬೆಳಕಿನ ಚದುರುವಿಕೆಗೆ 1930ರಲ್ಲಿ ನೊಬೆಲ್ ಬಂತು, 1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಪಿಟೀಲಿನ ಕೆಲಸ ಮಾತ್ರ ಜನರ ನೆನಪಿನಲ್ಲಿ ಅಷ್ಟಾಗಿ ಉಳಿಯಲಿಲ್ಲ.

ಈ ದಾರಿಯಲ್ಲೇ ಮುಂದೆ ಹೋದ ಅಮೆರಿಕದ ಎಂಜಿನಿಯರ್ ಜಾನ್ ಶೆಲ್ಲೆಂಗ್ 1973ರಲ್ಲಿ ಒಂದು ನಕ್ಷೆ ಕೊಟ್ಟರು. ಅದರ ಸಾರ ಇಷ್ಟು: ಒತ್ತಡ ಒಂದು ಮಿತಿಗಿಂತ ಕಡಿಮೆಯಾದರೆ ತಂತಿ ಸಿಳ್ಳೆ ಹಾಕಿದಂತೆ ತೆಳ್ಳಗೆ ನುಡಿಯುತ್ತದೆ. ಇನ್ನೊಂದು ಮಿತಿಗಿಂತ ಹೆಚ್ಚಾದರೆ ಕರಕರ ಎನ್ನುತ್ತದೆ. ನಡುವಿನ ಕಿಟಕಿಯಲ್ಲಿ ಮಾತ್ರ ಒಳ್ಳೆಯ ಸ್ವರ. ಕಮಾನು ಕುದುರೆಗೆ ಹತ್ತಿರ ಹೋದಷ್ಟೂ ಆ ಕಿಟಕಿ ಕಿರಿದಾಗುತ್ತದೆ.

ಪಿಟೀಲು ವಾದಕರು ಒತ್ತಡ, ವೇಗ, ಜಾಗ ಮೂರನ್ನೂ ಕ್ಷಣಕ್ಷಣಕ್ಕೆ ಬದಲಿಸಿಕೊಂಡು ಕಿಟಕಿಯೊಳಗೇ ಇರುತ್ತಾರೆ. ಹರ್ಡಿ-ಗರ್ಡಿಯಲ್ಲಿ ಚಕ್ರದ ಜಾಗ ಖಾಯಂ. ಒತ್ತಡವನ್ನು ಮೊದಲೇ, ಕುದುರೆಯ ಮೇಲೆ ತಂತಿಯ ಕೆಳಗೆ ಕಾಗದದ ಚೂರು ಇಟ್ಟು ಹೊಂದಿಸಿರಬೇಕು. ನುಡಿಸುವಾಗ ಕೈಯಲ್ಲಿ ಉಳಿಯುವುದು ವೇಗ ಮಾತ್ರ. ಹಾಗಾಗಿ ಚಕ್ರವೇ ಒತ್ತಡವನ್ನು ಏರಿಳಿಸಲು ಶುರುಮಾಡಿದರೆ ಸರಿಪಡಿಸಲು ದಾರಿಯೇ ಇಲ್ಲ.

ಕೂದಲೆಳೆಯ ಲೆಕ್ಕ

ನಮ್ಮ ಮೊದಲ ಚಕ್ರ ನೋಡಲು ಚೆನ್ನಾಗಿತ್ತು. ವೈಟ್‌ಫೀಲ್ಡ್ ಕಡೆಯ ಒಂದು ಅಂಗಡಿಯಲ್ಲಿ ಕಂಪ್ಯೂಟರ್ ನಿಯಂತ್ರಿತ ಯಂತ್ರದಲ್ಲಿ 160 ಮಿ.ಮೀ. ವ್ಯಾಸದ ದುಂಡು ಕತ್ತರಿಸಿಸಿದೆವು. ನಡುವಿನ ತೂತನ್ನು ಆಮೇಲೆ ಮನೆಯಲ್ಲಿ ಗುರುತು ಹಾಕಿ ನಾವೇ ಕೊರೆದೆವು. ಶಾಫ್ಟ್ ತೂರಿಸಿ, ವಾದ್ಯಕ್ಕೆ ಕೂರಿಸಿ, ತಂತಿ ಬಿಗಿದು ತಿರುಗಿಸಿದರೆ ಬಂದದ್ದು ‘ವ್ಹುಂ… ವ್ಹುಂ… ವ್ಹುಂ’. ಪ್ರತಿ ಸುತ್ತಿಗೂ ಸ್ವರ ಒಮ್ಮೆ ಉಬ್ಬಿ ಒಮ್ಮೆ ಸಾಯುತ್ತಿತ್ತು.

ಆ ಚಕ್ರವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಪೀಣ್ಯಕ್ಕೆ ಹೋದೆವು. ಎರಡು ಲೇತ್‌ಗಳಿರುವ ಶೆಡ್ಡೊಂದರ ಹಿರಿಯ ಟರ್ನರ್ ಅದನ್ನು ಎರಡು ‘ವಿ’ ದಿಮ್ಮಿಗಳ ಮೇಲಿಟ್ಟು, ಅಂಚಿಗೆ ಡಯಲ್ ಗೇಜ್ ತಾಗಿಸಿ, ಬೆರಳಲ್ಲಿ ಒಂದು ಸುತ್ತು ತಿರುಗಿಸಿದರು. ಮುಳ್ಳು 0.6 ಮಿ.ಮೀ. ಓಡಾಡಿತು. “ಚಕ್ರ ಕುಣೀತಾ ಇದೆ ಮೇಡಂ. ಇದು ದುಂಡಗೇ ಇದೆ, ತೂತು ನಡುವೆ ಇಲ್ಲ” ಅಂದರು. ತೂತು ನಿಜವಾದ ಕೇಂದ್ರದಿಂದ 0.3 ಮಿ.ಮೀ. ಪಕ್ಕಕ್ಕಿತ್ತು, ಅಷ್ಟೇ. ವರ್ಕ್‌ಶಾಪ್ ಭಾಷೆಯಲ್ಲಿ ಇದಕ್ಕೆ ರನ್‌ಔಟ್ ಎನ್ನುತ್ತಾರೆ. ನಾವಿಲ್ಲಿ ಅವರ ಮಾತನ್ನೇ ಉಳಿಸಿಕೊಂಡು ‘ಕುಣಿತ’ ಎನ್ನುತ್ತೇವೆ.

ಅರ್ಧ ಮಿಲಿಮೀಟರಿಗೆ ಇಷ್ಟೊಂದು ರಂಪವೇ? ಲೆಕ್ಕ ಹಾಕೋಣ. ತಂತಿಯ ಎಳೆತ ಸುಮಾರು 50 ನ್ಯೂಟನ್ (5 ಕೆ.ಜಿ. ತೂಕ ನೇತುಹಾಕಿದಷ್ಟು) ಎಂದುಕೊಳ್ಳಿ. ಚಕ್ರ ತಾಗುವ ಜಾಗ ಒಂದು ತುದಿಯಿಂದ 50 ಮಿ.ಮೀ., ಇನ್ನೊಂದು ತುದಿಯಿಂದ 300 ಮಿ.ಮೀ. ದೂರದಲ್ಲಿದೆ. ಅಲ್ಲಿ ತಂತಿಯನ್ನು 0.1 ಮಿ.ಮೀ. ಎತ್ತಿದರೆ ಒತ್ತಡ ಸುಮಾರು 0.12 ನ್ಯೂಟನ್, ಅಂದರೆ 12 ಗ್ರಾಂ ತೂಕದಷ್ಟು ಹೆಚ್ಚುತ್ತದೆ. 0.6 ಮಿ.ಮೀ. ಕುಣಿದರೆ ಅದು 70 ಗ್ರಾಂ. ಕಮಾನು ಪಿಟೀಲಿನ ಮೇಲೆ ಹಾಕುವ ಒಟ್ಟು ಒತ್ತಡವೇ ಸಾಮಾನ್ಯವಾಗಿ 50ರಿಂದ 150 ಗ್ರಾಂ ಆಸುಪಾಸು. ಚಕ್ರ ಪ್ರತಿ ಸುತ್ತಿನಲ್ಲೂ ಕಿಟಕಿಯ ಒಂದು ಕಡೆಯಿಂದ ಹೊರಗೆ ಹೋಗಿ ಇನ್ನೊಂದು ಕಡೆಯಿಂದ ಬರುತ್ತಿತ್ತು ಎಂದು ಆಗ ಅರ್ಥವಾಯಿತು. ನಾವು ಗುರಿ ಇಟ್ಟುಕೊಂಡದ್ದು 0.05 ಮಿ.ಮೀ. ತೆಳ್ಳಗಿನ ತಲೆಕೂದಲಿನಷ್ಟು ದಪ್ಪ.

ತಪ್ಪು ತಿಳಿವಳಿಕೆ 2: ‘ಮರ ಚೆನ್ನಾಗಿ ಒಣಗಿದ್ದರೆ ಮತ್ತೆ ಬದಲಾಗುವುದಿಲ್ಲ’

ಒಣಗಿದ ಮರವೂ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಮಳೆಗಾಲದಲ್ಲಿ ಬಾಗಿಲು ಬಿಗಿಯಾಗಿ ಬೇಸಿಗೆಯಲ್ಲಿ ಸಡಿಲವಾಗುವುದು ಇದಕ್ಕೇ. ಮುಖ್ಯ ವಿಷಯವೆಂದರೆ ಮರ ಎಲ್ಲ ದಿಕ್ಕಿಗೂ ಒಂದೇ ರೀತಿ ಹಿಗ್ಗುವುದಿಲ್ಲ. ನಾರಿನ ಉದ್ದಕ್ಕೆ ಬಹುತೇಕ ಏನೂ ಆಗುವುದಿಲ್ಲ, ನಾರಿಗೆ ಅಡ್ಡಲಾಗಿ ಹಿಗ್ಗುತ್ತದೆ. ಮರದ ತೇವಾಂಶ ಶೇ 1ರಷ್ಟು ಬದಲಾದರೆ ಅಡ್ಡಗಲ ಸುಮಾರು ಶೇ 0.2ರಷ್ಟು ಬದಲಾಗುತ್ತದೆ ಎಂದಿಟ್ಟುಕೊಳ್ಳಿ. 160 ಮಿ.ಮೀ. ಚಕ್ರಕ್ಕೆ ಅದು 0.32 ಮಿ.ಮೀ. ಬೆಂಗಳೂರಿನ ಮಾರ್ಚ್ ತಿಂಗಳ ಒಣ ಮಧ್ಯಾಹ್ನಕ್ಕೂ ಜುಲೈನ ಜಡಿಮಳೆಗೂ ನಡುವೆ ತೇವಾಂಶ ಶೇ 3–4 ಬದಲಾದರೆ, ಒಂದೇ ಹಲಗೆಯಿಂದ ಕತ್ತರಿಸಿದ ಚಕ್ರ ಒಂದು ಮಿಲಿಮೀಟರಿಗೂ ಹೆಚ್ಚು ಮೊಟ್ಟೆಯಾಕಾರವಾಗುತ್ತದೆ. ನಮಗೆ ಬೇಕಾದದ್ದು 0.05 ಮಿ.ಮೀ.!

ಮರದ ವಾದ್ಯ ಮಾಡುವವರಿಗೆ ಈ ಗುಣ ಹೊಸದಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಿ ಹಲಸಿನ ಮರದಿಂದ ವೀಣೆ ಮಾಡುತ್ತಾರೆ. ಆದರೆ ವೀಣೆಯ ಕೊಡ ಕೂದಲೆಳೆಯಷ್ಟು ಹಿಗ್ಗಿದರೂ ಅಪಸ್ವರವಾಗುವುದಿಲ್ಲ. ತಿರುಗುವ ಚಕ್ರಕ್ಕೆ ಆ ರಿಯಾಯಿತಿ ಇಲ್ಲ.

ಪರಿಹಾರವೆಂದರೆ ಪ್ಲೈವುಡ್. ಒಂದರ ಮೇಲೊಂದು ಅಡ್ಡಡ್ಡ ಅಂಟಿಸಿದ ಪದರಗಳು ಪರಸ್ಪರ ಹಿಗ್ಗದಂತೆ ತಡೆಯುತ್ತವೆ. ಆ ತಿರುಳಿನ ಸುತ್ತ ತೆಳುವಾದ ಮರದ ಪಟ್ಟಿಯನ್ನು, ನಾರು ಸುತ್ತಿನ ಉದ್ದಕ್ಕೂ ಓಡುವಂತೆ ಬಾಗಿಸಿ ಅಂಟಿಸಿದೆವು. ತಂತಿ ತಾಗುವುದು ಆ ಪಟ್ಟಿಗೆ ಮಾತ್ರ.

ತಪ್ಪು ತಿಳಿವಳಿಕೆ 3: ‘8 ಎಂ.ಎಂ. ರಾಡ್ ಅಂದರೆ 8 ಎಂ.ಎಂ.’

ಎಸ್‌ಜೆಪಿ ರಸ್ತೆಯಲ್ಲೋ ಪೀಣ್ಯದಲ್ಲೋ ‘8 ಎಂ.ಎಂ. ಬ್ರೈಟ್ ರಾಡ್’ ಕೇಳಿ ತಂದರೆ ಅದು ಸರಿಯಾಗಿ 8 ಇರುವುದು ಅಪರೂಪ. ಎಂಜಿನಿಯರಿಂಗಿನಲ್ಲಿ ಯಾವ ಅಳತೆಯೂ ಒಂದು ಅಂಕಿಯಲ್ಲ, ಅದು ಒಂದು ಶ್ರೇಣಿ. ಭಾರತೀಯ ಮಾನಕ ಐಎಸ್ 919 ಮತ್ತು ಅಂತರರಾಷ್ಟ್ರೀಯ ಮಾನಕಗಳು ಈ ಶ್ರೇಣಿಗಳಿಗೆ ಹೆಸರಿಟ್ಟಿವೆ. ‘ಎಚ್9’ ದರ್ಜೆಯ 8 ಮಿ.ಮೀ. ರಾಡ್ 7.964ರಿಂದ 8.000ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಉಜ್ಜಿ ನಯಗೊಳಿಸಿದ ‘ಎಚ್6’ ದರ್ಜೆಯದಾದರೆ 7.991ರಿಂದ 8.000. ಬೆಲೆಯ ವ್ಯತ್ಯಾಸ ಬರುವುದೇ ಈ ಕೊನೆಯ ಅಂಕಿಗಳಲ್ಲಿ.

ನಾವು ಗ್ರೌಂಡ್ ರಾಡ್ ಕೊಂಡೆವು. ಟರ್ನರ್ ಮೊದಲು ಮಾಡಿದ ಕೆಲಸ, ನಮ್ಮ ಮಾತು ನಂಬದೆ ಮೈಕ್ರೊಮೀಟರ್ ಹಿಡಿದದ್ದು. 7.994 ಬಂತು. “ಈಗ ತೂತನ್ನು ಇದಕ್ಕೆ ಹೊಂದಿಸಿ ಮಾಡಬೇಕು. ಪುಸ್ತಕದಲ್ಲಿ ಎಂಟು ಅಂತ ಇದೆ ಅಂತ ಎಂಟು ಮಾಡಿದರೆ ಸಡಿಲ ಆಗುತ್ತೆ” ಅಂದರು.

ಶಾಫ್ಟನ್ನು ಹಿಡಿಸುವುದು ಹೇಗೆ?

ಇದಕ್ಕೆ ಹಲವು ದಾರಿಗಳಿವೆ, ಒಂದೊಂದಕ್ಕೂ ಒಂದೊಂದು ದೋಷ.

ಅಂಟು: ಎಪಾಕ್ಸಿ ಹಾಕಿ ಮರಕ್ಕೇ ಅಂಟಿಸಬಹುದು. ಆದರೆ ಮನೆಯಲ್ಲಿ ಕಲಸಿ ಒಣಗಿಸುವ ಸಾಮಾನ್ಯ ಎಪಾಕ್ಸಿ 50–60 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಮೆದುವಾಗತೊಡಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ವಾದ್ಯ ಬಿಟ್ಟರೆ ಅಷ್ಟು ಬಿಸಿಯಾಗುವುದು ಸುಲಭ. ಮರ ಹಿಗ್ಗಿ ಕುಗ್ಗುವುದೂ ಅಂಟನ್ನು ಕ್ರಮೇಣ ಬಿಡಿಸುತ್ತದೆ.

ಥ್ರೆಡ್ ಮತ್ತು ನಟ್: ಗಟ್ಟಿಯಾಗಿ ಹಿಡಿಯುತ್ತದೆ, ಆದರೆ ನಡುವೆ ಕೂರಿಸುವುದಿಲ್ಲ. ಥ್ರೆಡ್‌ಗೆ ಯಾವಾಗಲೂ ಸ್ವಲ್ಪ ಆಟ ಇರುತ್ತದೆ. ತಾಳಕ್ಕೆಂದು ಹಿಡಿಯನ್ನು ಜಗ್ಗುತ್ತಿದ್ದರೆ ನಟ್ ಸಡಿಲವಾಗುತ್ತಲೂ ಹೋಗುತ್ತದೆ.

ಪಕ್ಕದಿಂದ ಒತ್ತುವ ಗ್ರಬ್ ಸ್ಕ್ರೂ: ಇದು ನಮಗೆ ಸುಲಭ ಅನಿಸಿತ್ತು. ಆದರೆ ಸ್ಕ್ರೂ ಶಾಫ್ಟನ್ನು ತೂತಿನ ಒಂದು ಗೋಡೆಗೆ ದೂಡುತ್ತದೆ. ತೂತಿಗೂ ಶಾಫ್ಟಿಗೂ 0.04 ಮಿ.ಮೀ. ಸಡಿಲವಿದ್ದರೆ ಅಷ್ಟೂ ಕುಣಿತವಾಗಿ ಅಂಚಿಗೆ ಬರುತ್ತದೆ. ನಮ್ಮ ಇಡೀ ಬಜೆಟ್ ಅಲ್ಲಿಗೇ ಮುಗಿಯಿತು.

ಬಿಸಿ ಮಾಡಿ ಕೂರಿಸುವುದು: ಹಳ್ಳಿಯಲ್ಲಿ ಎತ್ತಿನ ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಹಾಕುವುದನ್ನು ಕಂಡವರಿಗೆ ಇದು ಗೊತ್ತು. ಗಾಲಿಗಿಂತ ಕೊಂಚ ಚಿಕ್ಕದಾದ ಪಟ್ಟಿಯನ್ನು ಬೆಂಕಿಯಲ್ಲಿ ಕಾಯಿಸಿ ಹಿಗ್ಗಿಸಿ, ಗಾಲಿಗೆ ತೊಡಿಸಿ, ನೀರು ಸುರಿಯುತ್ತಾರೆ. ಪಟ್ಟಿ ಕುಗ್ಗಿ ಗಾಲಿಯನ್ನು ಅಪ್ಪಿ ಹಿಡಿಯುತ್ತದೆ. ಮೊಳೆ, ಅಂಟು ಬೇಡ. ಸುತ್ತಲೂ ಸಮನಾಗಿ ಹಿಡಿಯುವುದರಿಂದ ಶಾಫ್ಟ್ ತಾನಾಗಿಯೇ ನಡುವೆ ಕೂರುತ್ತದೆ.

ನಾವು ಆರಿಸಿಕೊಂಡದ್ದು ಇದನ್ನೇ. ಮರಕ್ಕೆ ನೇರವಾಗಿ ಕೂರಿಸುವ ಬದಲು ಅಲ್ಯೂಮಿನಿಯಂನ ಒಂದು ಗುಂಬ ಮಾಡಿಸಿದೆವು. ಶಾಫ್ಟ್ 7.994 ಇದ್ದುದರಿಂದ ಗುಂಬದ ತೂತನ್ನು 7.980ಕ್ಕೆ ನಿಲ್ಲಿಸಿದರು. ಅಂದರೆ ತೂತು 14 ಮೈಕ್ರಾನ್ ಚಿಕ್ಕದು (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). ಅಲ್ಯೂಮಿನಿಯಂ ಪ್ರತಿ ಡಿಗ್ರಿಗೆ ತನ್ನ ಅಳತೆಯ ಹತ್ತು ಲಕ್ಷದಲ್ಲಿ 23 ಪಾಲು ಹಿಗ್ಗುತ್ತದೆ. ಗುಂಬವನ್ನು ಕೋಣೆಯ ಉಷ್ಣತೆಗಿಂತ 120 ಡಿಗ್ರಿ ಹೆಚ್ಚು ಕಾಯಿಸಿದರೆ ತೂತು 22 ಮೈಕ್ರಾನ್ ದೊಡ್ಡದಾಗುತ್ತದೆ. ಆಗ 8 ಮೈಕ್ರಾನ್ ಜಾಗ ಉಳಿಯುತ್ತದೆ, ಶಾಫ್ಟ್ ಬೆಣ್ಣೆಯಂತೆ ಇಳಿಯುತ್ತದೆ.

‘ಶಾಫ್ಟನ್ನೇ ಫ್ರಿಜ್ಜಿನಲ್ಲಿ ಇಟ್ಟರೆ ಸಾಕಲ್ಲವೇ?’ ಎಂದು ಬಹಳ ಜನ ಕೇಳುತ್ತಾರೆ. ಲೆಕ್ಕ ಉತ್ತರಿಸುತ್ತದೆ. ಉಕ್ಕು ಅಲ್ಯೂಮಿನಿಯಂನ ಸುಮಾರು ಅರ್ಧದಷ್ಟೇ ಹಿಗ್ಗುವ ಲೋಹ. ಕೋಣೆಯ 25 ಡಿಗ್ರಿಯಿಂದ ಫ್ರೀಜರಿನ ಮೈನಸ್ 18ಕ್ಕೆ ಹೋದರೂ 8 ಮಿ.ಮೀ. ಶಾಫ್ಟ್ ಕುಗ್ಗುವುದು 4 ಮೈಕ್ರಾನ್ ಮಾತ್ರ. ಸಹಾಯವಾಗುತ್ತದೆ, ಸಾಲುವುದಿಲ್ಲ.

ಶಾಫ್ಟ್ ಇಳಿಸುವಾಗ ಸಿಗುವ ಸಮಯ ಕೆಲವೇ ಸೆಕೆಂಡು. ತಣ್ಣನೆಯ ಉಕ್ಕು ಬಿಸಿಯನ್ನು ಹೀರಿ ಗುಂಬ ಕುಗ್ಗತೊಡಗುತ್ತದೆ. ನಮ್ಮ ಮೊದಲ ಗುಂಬ ಅರ್ಧದಾರಿಯಲ್ಲೇ ಹಿಡಿದುಕೊಂಡಿತು, ಕಾರಣ ನಾವು ಎಲ್ಲಿಗೆ ನಿಲ್ಲಿಸಬೇಕೆಂದು ಯೋಚಿಸುತ್ತ ನಿಂತದ್ದು. ಎರಡನೆಯ ಸಲ ಕೆಳಗೆ ಸರಿಯಾದ ಎತ್ತರದ ಆನಿಕೆ ಇಟ್ಟುಕೊಂಡೇ ಶುರುಮಾಡಿದೆವು.

ಗುಟ್ಟು ಇರುವುದು ಕ್ರಮದಲ್ಲಿ

ಇಷ್ಟೆಲ್ಲ ಮಾಡಿದ ಮೇಲೂ ಮೊದಲೇ ದುಂಡಗೆ ಕತ್ತರಿಸಿದ ಚಕ್ರವನ್ನು ಗುಂಬಕ್ಕೆ ತಿರುಪಿದ್ದರೆ ಮತ್ತೆ ಕುಣಿಯುತ್ತಿತ್ತು. ಎರಡು ಬೇರೆ ಬೇರೆ ಕಡೆ ಮಾಡಿದ ಎರಡು ವೃತ್ತಗಳ ಕೇಂದ್ರ ಒಂದೇ ಆಗಬೇಕು ಎಂದು ಆಸೆಪಡುವುದೇ ನಾವು ಮೊದಲ ಸಲ ಮಾಡಿದ ತಪ್ಪು. ಯಂತ್ರ ಕತ್ತರಿಸಿಕೊಟ್ಟವರದು ಏನೂ ತಪ್ಪಿರಲಿಲ್ಲ.

ಸರಿಯಾದ ಕ್ರಮ ಹೀಗೆ:

1. ಶಾಫ್ಟನ್ನು ಅಳೆಯಿರಿ.
2. ಅದಕ್ಕೆ ಹೊಂದಿಸಿ ಗುಂಬದ ತೂತು ಮಾಡಿ, ಬಿಸಿ ಮಾಡಿ ಕೂರಿಸಿ. ಮರ ಇನ್ನೂ ಸೇರಿಲ್ಲದ ಕಾರಣ ಸುಡುವ ಭಯವಿಲ್ಲ.
3. ಬೇಕಾದ ಅಳತೆಗಿಂತ ಒಂದೆರಡು ಮಿ.ಮೀ. ದೊಡ್ಡದಾದ ಪ್ಲೈವುಡ್ ಚಕ್ರವನ್ನು ಗುಂಬಕ್ಕೆ ಅಂಟಿಸಿ, ತಿರುಪು ಹಾಕಿ. ಸುತ್ತಲ ಪಟ್ಟಿ ಅಂಟಿಸಿ.
4. ವಾದ್ಯದ ಪೆಟ್ಟಿಗೆಯಲ್ಲೇ, ಅದರದೇ ಬೇರಿಂಗ್‌ಗಳಲ್ಲಿ ಕೂರಿಸಿ.
5. ಎಲ್ಲ ಮುಗಿದ ಮೇಲೆ, ಒಬ್ಬರು ಹಿಡಿ ತಿರುಗಿಸುತ್ತಿರುವಾಗ ಇನ್ನೊಬ್ಬರು ಗಟ್ಟಿಯಾದ ಆನಿಕೆಯ ಮೇಲೆ ಹರಿತವಾದ ಉಳಿ ಇಟ್ಟು ಅಂಚನ್ನು ತೆಳ್ಳಗೆ ಹೆರೆಯಿರಿ.

ಕೊನೆಯ ಹೆಜ್ಜೆಯಲ್ಲಿ ಎಲ್ಲ ಹಿಂದಿನ ತಪ್ಪುಗಳೂ ಅಳಿಸಿಹೋಗುತ್ತವೆ. ಶಾಫ್ಟ್ ತುಸು ಬಾಗಿರಲಿ, ಬೇರಿಂಗ್ ಪಕ್ಕಕ್ಕಿರಲಿ, ಚಕ್ರ ಯಾವ ಅಕ್ಷದ ಸುತ್ತ ತಿರುಗುತ್ತದೋ ಅದೇ ಅಕ್ಷದ ಸುತ್ತ ಅಂಚು ದುಂಡಗಾಗುತ್ತದೆ. ನಿಖರತೆ ದುಬಾರಿ ಯಂತ್ರದಿಂದ ಬರುತ್ತದೆ ಎಂದು ನಾವು ನಂಬಿದ್ದೆವು. ಇಲ್ಲಿ ಅದು ಬಂದದ್ದು ಕೆಲಸದ ಕ್ರಮದಿಂದ, ಒಂದು ಉಳಿಯಿಂದ.

ಬೇರಿಂಗ್ ವಿಷಯಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಲಿಲ್ಲ. ಸ್ಕೇಟಿಂಗ್ ಚಕ್ರಗಳಲ್ಲಿರುವ 608 ಎಂಬ ಬೇರಿಂಗಿನ ಒಳ ವ್ಯಾಸ 8 ಮಿ.ಮೀ., ಹೊರ ವ್ಯಾಸ 22. ಎಲ್ಲೆಡೆ ಸಿಗುತ್ತದೆ. ನಮ್ಮ 7.994 ಶಾಫ್ಟ್ ಬೆರಳೊತ್ತಿಗೆ ಸರಿಯಾಗಿ ಕೂತಿತು. ಎರಡೂ ಬದಿ ಮುಚ್ಚಿದ ಮಾದರಿಯನ್ನೇ ತೆಗೆದುಕೊಳ್ಳಿ. ‘ಸರಾಗ ತಿರುಗಲಿ’ ಎಂದು ಎಣ್ಣೆ ಬಿಡಬೇಡಿ. ಒಂದು ಹನಿ ಎಣ್ಣೆ ಚಕ್ರದ ಅಂಚಿಗೆ ಬಂದರೆ ರೋಸಿನ್ ಹಿಡಿತ ತಪ್ಪಿ ವಾದ್ಯ ಮೂಕವಾಗುತ್ತದೆ.

ತಪ್ಪು ತಿಳಿವಳಿಕೆ 4: ‘ಕೈಗವಸು ಹಾಕಿದರೆ ಕೈ ಸುರಕ್ಷಿತ’

ಈ ಭಾಗವನ್ನು ಬರೆಯಬೇಕೆಂದು ಹಟ ಹಿಡಿದವರು ನಮ್ಮ ಗೆಳತಿ. ಅವರ ಬೆರಳು ಹೋದ ದಿನ ಅವರು ಬಟ್ಟೆಯ ಕೈಗವಸು ಹಾಕಿಕೊಂಡಿದ್ದರು. ಹಾಕಿಕೊಳ್ಳಲು ಹೇಳಿದ್ದರು ಕೂಡ, ಸುರಕ್ಷತೆಗೆಂದು.

ಬಿಸಿ ವಸ್ತು, ಚೂಪಾದ ತಗಡು, ಗಾಜು ಎತ್ತುವಾಗ ಕೈಗವಸು ಬೇಕೇ ಬೇಕು. ಆದರೆ ಲೇತ್, ಡ್ರಿಲ್ಲಿಂಗ್ ಮೆಷಿನ್‌ನಂಥ ತಿರುಗುವ ಯಂತ್ರದ ಮುಂದೆ ಅದೇ ಅಪಾಯ. ಬರಿ ಬೆರಳು ತಿರುಗುವ ಡ್ರಿಲ್‌ಗೆ ತಾಗಿದರೆ ಚರ್ಮ ಕತ್ತರಿಸಬಹುದು, ಕೈ ಹಿಂದಕ್ಕೆ ಬರಬಹುದು. ಕೈಗವಸಿನ ನೂಲು ಸಿಕ್ಕರೆ ಅದು ಹರಿಯದೆ ಸುತ್ತಿಕೊಳ್ಳುತ್ತದೆ, ಕೈಯನ್ನೂ ಎಳೆದುಕೊಳ್ಳುತ್ತದೆ. ನಿಮಿಷಕ್ಕೆ 600 ಸುತ್ತು ತಿರುಗುವ ಡ್ರಿಲ್ ಸೆಕೆಂಡಿಗೆ 10 ಸುತ್ತು ಸುತ್ತುತ್ತದೆ. ಕೈ ಹಿಂತೆಗೆಯಬೇಕೆಂದು ಮೆದುಳು ಗ್ರಹಿಸುವ ಹೊತ್ತಿಗೆ ಎರಡು ಸುತ್ತು ಮುಗಿದಿರುತ್ತದೆ. ಉದ್ದ ತೋಳು, ದುಪಟ್ಟಾ, ಬಿಚ್ಚಿದ ಕೂದಲು, ಉಂಗುರ, ಕೈಗೆ ಕಟ್ಟಿದ ದಾರಕ್ಕೂ ಇದೇ ಮಾತು ಅನ್ವಯಿಸುತ್ತದೆ. ಲೋಹದ ಸುರುಳಿ ಚೂರುಗಳನ್ನು ಕೈಯಿಂದಲ್ಲ, ಯಂತ್ರ ನಿಂತ ಮೇಲೆ ಬ್ರಷ್ಷಿನಿಂದ ತೆಗೆಯಬೇಕು.

ಕಣ್ಣಿಗೆ ಕಾಣದ ಅಪಾಯ ದೂಳು. ಮರದ ದೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿಟ್ಟಿದೆ. ವರ್ಷಗಟ್ಟಲೆ ಅದರಲ್ಲೇ ಕೆಲಸ ಮಾಡುವವರಿಗೆ ಮೂಗು ಮತ್ತು ಅದರ ಪಕ್ಕದ ಕುಹರಗಳ ಕ್ಯಾನ್ಸರಿನ ಅಪಾಯ ಹೆಚ್ಚು. ಒಂದು ವಾದ್ಯ ಮಾಡಿದವರು ಹೆದರಬೇಕಿಲ್ಲ, ಆದರೆ ಉಜ್ಜುಕಾಗದ ಹಾಕುವಾಗ ಕರವಸ್ತ್ರ ಸಾಲದು. ಎನ್95 ಮಾದರಿಯ ಮುಖಗವಸು ಹಾಕಿ.

ಇನ್ನು ರೋಸಿನ್. ಎಲೆಕ್ಟ್ರಾನಿಕ್ ಸಿಟಿಯ ಸರ್ಕ್ಯೂಟ್ ಬೋರ್ಡ್ ಘಟಕಗಳಲ್ಲಿ ಸೋಲ್ಡರಿಂಗ್ ಮಾಡಿದವರಿಗೆ ಇದು ಗೊತ್ತಿರುವ ವಸ್ತು. ಅನೇಕ ಸೋಲ್ಡರ್ ತಂತಿಗಳ ಒಳಗಿರುವ ಫ್ಲಕ್ಸ್ ಇದೇ ಪೈನ್ ಮರದ ರಾಳ. ಕಾದಾಗ ಏಳುವ ಅದರ ಹೊಗೆ ಕೆಲಸದ ಜಾಗದಲ್ಲಿ ಬರುವ ಆಸ್ತಮಾದ ಗುರುತಿಸಲಾದ ಕಾರಣಗಳಲ್ಲಿ ಒಂದು. ವಾದ್ಯದಲ್ಲಿ ಬಳಸುವ ಪ್ರಮಾಣ ತೀರಾ ಕಡಿಮೆ, ಹೊಗೆಯೂ ಇಲ್ಲ. ಆದರೂ ಫ್ಲಕ್ಸ್ ಹೊಗೆಗೆ ಉಸಿರು ಕಟ್ಟಿದ ಅನುಭವ ಇರುವವರು, ಚರ್ಮದ ಅಲರ್ಜಿ ಇರುವವರು ಎಚ್ಚರದಿಂದಿರುವುದು ಒಳ್ಳೆಯದು.

ಕೊನೆಗೆ ಏನಾಯಿತು?

ಎರಡನೆಯ ಚಕ್ರದ ಕುಣಿತ 0.04 ಮಿ.ಮೀ. ಬಂತು. ಮೇಲಿನ ಲೆಕ್ಕದ ಪ್ರಕಾರ ಒತ್ತಡದ ಏರುಪೇರು 5 ಗ್ರಾಂ. ಅಂಚಿಗೆ ರೋಸಿನ್ ಬಳಿದು, ತಂತಿಗಳಿಗೆ ಚಕ್ರ ತಾಗುವಲ್ಲಿ ಹತ್ತಿ ಸುತ್ತಿ, ಕಾಗದದ ಚೂರುಗಳಿಂದ ಎತ್ತರ ಹೊಂದಿಸಲು ಇಡೀ ಒಂದು ಭಾನುವಾರ ಹಿಡಿಯಿತು. ಸಂಜೆ ಷಡ್ಜ, ಪಂಚಮ ಎರಡೂ ಅಲುಗದೆ ನಿಂತವು.

ಎಲ್ಲವೂ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಕೀಲಿಗಳ ಹಲ್ಲು ತಂತಿಯನ್ನು ಗೊತ್ತಾದ ಜಾಗದಲ್ಲಷ್ಟೇ ತಾಗುವುದರಿಂದ ಪಿಟೀಲಿನ ಗಮಕ ಇದರಲ್ಲಿ ಬರುವುದಿಲ್ಲ. ಕೀಲಿಯನ್ನು ಜೋರಾಗಿ ಒತ್ತಿ ಸ್ವರವನ್ನು ಕೊಂಚ ಬಾಗಿಸಬಹುದು, ಅಷ್ಟೇ. ಜುಲೈ ಮಳೆಯಲ್ಲಿ ಅಳೆದಾಗ ಕುಣಿತ 0.07ಕ್ಕೆ ಏರಿತ್ತು, ಮತ್ತೆ ಉಳಿ ಹಿಡಿಯಬೇಕಾಯಿತು. ಪ್ರತಿ ವರ್ಷ ಇದು ಇದ್ದದ್ದೇ.

ನಮ್ಮ ಗೆಳತಿ ಈಗ ದಿನಾ ಅರ್ಧ ಗಂಟೆ ನುಡಿಸುತ್ತಾರೆ. ಹಿಡಿಯ ಗುಬ್ಬಿಯನ್ನು ಅವರ ಬಲಗೈಗೆ ಹೊಂದುವಂತೆ ಕೊಂಚ ದಪ್ಪಗೆ ಮಾಡಿಸಿದ್ದೇವೆ. ‘ನಾಯಿ’ಯನ್ನು ತಾಳಕ್ಕೆ ಬೊಗಳಿಸುವುದು ಇನ್ನೂ ಪೂರ್ತಿ ಬಂದಿಲ್ಲ. ವಾದ್ಯ ಮುಗಿದ ಮೇಲೆ ಅದನ್ನು ಮೊದಲು ಒಯ್ದದ್ದು ಪೀಣ್ಯದ ಆ ಶೆಡ್ಡಿಗೆ. ಟರ್ನರ್ ಲೇತ್ ನಿಲ್ಲಿಸಿ, ಕೈ ಒರೆಸಿಕೊಂಡು ಕೇಳಿದರು. ಆಮೇಲೆ ಬಗ್ಗಿ ಚಕ್ರದ ಅಂಚನ್ನೇ ನೋಡುತ್ತ, “ಈಗ ಕುಣೀತಿಲ್ಲ” ಎಂದರು.